ಕೊಪ್ಪರಿಗೆ ಹೊನ್ನು, ಹಸಿರು ಕೋಟಿನ ಕುಳ್ಳ: ಲೆಪ್ರೆಕಾನ್ ಯಾರ ಸೊತ್ತು?

 

ನಮ್ಮನೆ ಫ್ರಿಡ್ಜ್ ಬಾಗಿಲ ಮೇಲೆ ಒಬ್ಬ ಕುಳ್ಳ ಮುದುಕ ಇದ್ದಾನೆ. ಹಸಿರು ಕೋಟು, ಹಸಿರು ಟೋಪಿ, ಕೆಂಪು ಗಡ್ಡ, ಬಾಯಲ್ಲಿ ಪೈಪು, ಕಾಲ ಹತ್ತಿರ ಚಿನ್ನದ ನಾಣ್ಯ ತುಂಬಿದ ಮಡಕೆ. ಡಬ್ಲಿನ್‌ನಲ್ಲಿ ಕೆಲಸ ಮಾಡೋ ಗೆಳತಿಯೊಬ್ಬಳು ಊರಿಗೆ ಬಂದಾಗ ತಂದುಕೊಟ್ಟ ಮ್ಯಾಗ್ನೆಟ್ ಅದು. ಕೊಡುವಾಗ ಒಂದು ಮಾತು ಹೇಳಿದಳು. ಆಫೀಸಿನಲ್ಲಿ ಐರಿಶ್ ಸಹೋದ್ಯೋಗಿಗೆ ಇದನ್ನ ತೋರಿಸಿದ್ದಳಂತೆ. ಆತ ನಕ್ಕು, "ನಮ್ಮ ಮನೆಗಳಲ್ಲಿ ಇದನ್ನ ಯಾರೂ ಇಟ್ಟುಕೊಳ್ಳಲ್ಲ. ಬಂದು ಹೋಗೋರಿಗೆ ಅಂತ ಮಾಡಿದ್ದು ಇದು" ಅಂದನಂತೆ.

ಆ ಮಾತು ನನ್ನ ತಲೆಯಲ್ಲೇ ಉಳೀತು. ಇಡೀ ಜಗತ್ತು ಐರ್ಲೆಂಡ್ ಅಂದ ಕೂಡಲೇ ನೆನಪಿಸಿಕೊಳ್ಳೋ ಚಿತ್ರ ಐರಿಶ್ ಮನೆಗಳಲ್ಲೇ ಇಲ್ಲ ಅಂದ್ರೆ, ಅದು ಯಾರದು? ಅದನ್ನ ಮಾಡಿದವರು ಯಾರು? ಇವತ್ತಿನ ಸಂಚಿಕೆ ಆ ಕುಳ್ಳನ ಬಗ್ಗೆ. ಅವನ ಹೆಸರು ಲೆಪ್ರೆಕಾನ್.

ರಾಜನನ್ನೇ ಹೊತ್ತೊಯ್ದ ಕುಳ್ಳರು

ಮೊದಲು ಹಿಂದಕ್ಕೆ ಹೋಗೋಣ, ತುಂಬಾ ಹಿಂದಕ್ಕೆ. 8ನೇ ಶತಮಾನದಲ್ಲಿ ರಚನೆಯಾಯಿತು ಅಂತ ಪಂಡಿತರು ಹೇಳುವ ಒಂದು ಹಳೇ ಐರಿಶ್ ಕಥೆ ಇದೆ. ಅಲ್‌ಸ್ಟರ್ ಸೀಮೆಯ ರಾಜ ಫರ್ಗಸ್ ಮಾಕ್ ಲೇಟಿಯ ಕಥೆ ಅದು. ರಾಜ ಕಡಲ ದಂಡೆಯಲ್ಲಿ ನಿದ್ದೆ ಹೋಗಿದ್ದಾನೆ. ನೀರೊಳಗಿಂದ ಸಣ್ಣ ಸಣ್ಣ ಜೀವಿಗಳು ಎದ್ದು ಬಂದು, ಅವನ ಕತ್ತಿಯನ್ನ ದೂರ ಇಟ್ಟು, ಅವನನ್ನೇ ಹೊತ್ತುಕೊಂಡು ಸಮುದ್ರದ ಕಡೆ ನಡೀತವೆ. ಕಾಲಿಗೆ ತಣ್ಣೀರು ಸೋಕಿದ ಕೂಡಲೇ ರಾಜನಿಗೆ ಎಚ್ಚರ ಆಗುತ್ತೆ. ಕೈಗೆ ಸಿಕ್ಕ ಮೂವರನ್ನ ಹಿಡಿದುಬಿಡ್ತಾನೆ. ಆ ಜೀವಿಗಳಿಗೆ ಕಥೆಯಲ್ಲಿರೋ ಹೆಸರು ಲೂಖೋರ್ಪಾನ್. ಲೆಪ್ರೆಕಾನ್ ಅನ್ನೋ ಪದದ ಬೇರು ಅದೇ.

ಗಮನಿಸಿ, ಇಲ್ಲಿ ಚಿನ್ನ ಇಲ್ಲ, ಮಡಕೆ ಇಲ್ಲ, ಹಸಿರು ಕೋಟೂ ಇಲ್ಲ. ಇವರು ನೀರಿನ ಜೀವಿಗಳು. ಬಿಡುಗಡೆಗೆ ಬದಲಾಗಿ ಅವರು ರಾಜನಿಗೆ ನೀರಿನಡಿ ಈಜುವ ವಿದ್ಯೆ ಕೊಡ್ತಾರೆ. ಜೊತೆಗೆ ಒಂದು ಷರತ್ತು: ನಿನ್ನ ನಾಡಿನದೇ ಆದ ಒಂದು ನೀರಿಗೆ ಮಾತ್ರ ಇಳಿಯಬೇಡ. ಬೇಡ ಅಂದದ್ದನ್ನೇ ಮಾಡೋದು ಕಥೆಯ ರಾಜರ ಹಣೆಬರಹ ಅಲ್ವಾ? ಇಳಿದ. ಅಲ್ಲೊಂದು ಭಯಂಕರ ಪ್ರಾಣಿ ಕಾಣಿಸಿತು. ಹೆದರಿಕೆಗೆ ಅವನ ಬಾಯಿ ಸೊಟ್ಟಗಾಗಿ ತಲೆಯ ಹಿಂಭಾಗಕ್ಕೆ ತಿರುಗಿಕೊಂಡಿತು.

ಆಗಿನ ನಿಯಮದ ಪ್ರಕಾರ ಅಂಗಊನ ಇರುವವನು ರಾಜನಾಗಿರುವಂತಿಲ್ಲ. ಆದರೆ ಆಸ್ಥಾನದವರಿಗೆ ಇವನೇ ಬೇಕು. ಅವರೇನು ಮಾಡಿದರು ಗೊತ್ತಾ? ವಿಷಯವನ್ನ ರಾಜನಿಂದಲೇ ಮುಚ್ಚಿಟ್ಟರು. ನೀರಿನಲ್ಲಿ ತನ್ನ ಮುಖ ಕಾಣದಿರಲಿ ಅಂತ ಅವನನ್ನ ಅಂಗಾತ ಮಲಗಿಸಿ ತಲೆ ತೊಳೀತಿದ್ದರು. ಏಳು ವರ್ಷ ಹೀಗೇ ನಡೀತು. ಕೊನೆಗೆ ಒಂದು ದಿನ, ತಲೆ ತೊಳೆಯೋದು ನಿಧಾನ ಆಯ್ತು ಅಂತ ದೋರ್ನ್ ಎಂಬ ದಾಸಿಗೆ ರಾಜ ಚಾಟಿಯಲ್ಲಿ ಹೊಡೆದ. ಸಿಟ್ಟಿಗೆ ಅವಳು ಸತ್ಯ ಹೇಳಿಬಿಟ್ಟಳು. ರಾಜ ಅವಳನ್ನ ಕಡಿದುಹಾಕಿದ. ನೆಟ್ಟಗೆ ಹೋಗಿ ಅದೇ ನೀರಿಗೆ ಹಾರಿದ, ಆ ಪ್ರಾಣಿಯನ್ನ ಕೊಂದ, ತಾನೂ ಸತ್ತ.

ಫ್ರಿಡ್ಜ್ ಮೇಲಿನ ನಗುಮುಖದ ಮುದುಕನ ಮೂಲಪುರುಷರು ಇರೋದು ಇಂಥ ಕಥೆಯಲ್ಲಿ. ಸುಳ್ಳು, ಅಧಿಕಾರ, ಸತ್ಯ ಹೇಳಿದ ಹೆಣ್ಣಿನ ಸಾವು: ಮಕ್ಕಳ ಕಾರ್ಟೂನಿಗೆ ಆಗೋ ಸರಕಲ್ಲ ಇದು.

ಇನ್ನು ಆ ಪದ. 'ಲೂ' ಅಂದರೆ ಸಣ್ಣ, 'ಕೋರ್ಪ್' ಅಂದರೆ ದೇಹ, ಹಾಗಾಗಿ ಲೂಖೋರ್ಪಾನ್ ಅಂದರೆ ಸಣ್ಣ ಮೈಯವನು ಅಂತ ಬಹುಕಾಲ ನಂಬಿದ್ದರು. 2019ರಲ್ಲಿ ಕೇಂಬ್ರಿಡ್ಜ್ ಮತ್ತು ಬೆಲ್‌ಫಾಸ್ಟ್ ಕ್ವೀನ್ಸ್ ವಿಶ್ವವಿದ್ಯಾಲಯಗಳ ವಿದ್ವಾಂಸರು ಹಳೇ ಐರಿಶ್ ನಿಘಂಟನ್ನ ಪರಿಷ್ಕರಿಸುವಾಗ ಬೇರೊಂದು ವಾದ ಮುಂದಿಟ್ಟರು. ರೋಮ್‌ನ ಲುಪರ್ಕಾಲಿಯಾ ಹಬ್ಬದಲ್ಲಿ ಓಡುತ್ತಿದ್ದ 'ಲುಪರ್ಕಿ'ಗಳ ಹೆಸರು ಲ್ಯಾಟಿನ್ ಪುಸ್ತಕಗಳ ಮೂಲಕ ಬಂದು ಹೀಗಾಗಿರಬಹುದು ಅಂತ. ಅಂದರೆ, ಅಪ್ಪಟ ಐರಿಶ್ ಅಂತ ಜಗತ್ತು ಅಂದುಕೊಂಡಿರೋ ಹೆಸರೇ ಹೊರಗಿನಿಂದ ಬಂದಿದ್ದಿರಬಹುದು.

ಹೊಲದ ತುಂಬಾ ಕೆಂಪು ಪಟ್ಟಿ

ಈಗ ಒಂದು ಸಾವಿರ ವರ್ಷ ಮುಂದಕ್ಕೆ ಹಾರೋಣ. 1825ರಲ್ಲಿ ಥಾಮಸ್ ಕ್ರಾಫ್ಟನ್ ಕ್ರೋಕರ್ ಎಂಬಾತ ದಕ್ಷಿಣ ಐರ್ಲೆಂಡಿನ ಜನಪದ ಕಥೆಗಳ ಪುಸ್ತಕವೊಂದನ್ನ ಹೊರತಂದ. ಕಾರ್ಕ್ ಊರಿನವನು, ಲಂಡನ್ನಿನಲ್ಲಿ ನೌಕಾಪಡೆ ಕಚೇರಿಯ ಗುಮಾಸ್ತ. ಪುಸ್ತಕ ಎಷ್ಟು ಹೆಸರು ಮಾಡಿತು ಅಂದ್ರೆ, ಮರುವರ್ಷವೇ ಜರ್ಮನಿಯ ಗ್ರಿಮ್ ಸೋದರರು ಅದನ್ನ ತಮ್ಮ ಭಾಷೆಗೆ ತಂದರು.

ಈ ಹೊತ್ತಿಗೆ ನೀರಿನ ಜೀವಿ ದಡ ಹತ್ತಿ ಕಸುಬು ಹಿಡಿದಾಗಿತ್ತು. ಬೇಲಿ ಮರೆಯಲ್ಲಿ ಒಬ್ಬನೇ ಕೂತು ಬೂಟು ಹೊಲಿಯುತ್ತಾನೆ. ಹತ್ತಿರದಲ್ಲೆಲ್ಲೋ ಚಿನ್ನ ಹೂತಿಟ್ಟಿದ್ದಾನೆ. ಊರೂರಿಗೂ ಬೇರೆ ಹೆಸರು: ಕಾರ್ಕ್ ಕಡೆ ಕ್ಲೂರಿಕಾನ್, ಕೆರ್ರಿ ಕಡೆ ಲೂರಿಕಾನ್. ಬೂಟು ಯಾಕೆ ಹೊಲೀತಾನೆ? ಬೇರೆ ಯಕ್ಷಿಣಿಗಳೆಲ್ಲ ರಾತ್ರಿಯಿಡೀ ಕುಣಿದು ಕುಣಿದು ಬೂಟು ಸವೆಸಿಕೊಳ್ತಾರಂತೆ, ಅದಕ್ಕೆ!

ಕ್ರೋಕರ್ ಪುಸ್ತಕದ ಒಂದು ಕಥೆಯನ್ನ ನನ್ನ ಮಾತಲ್ಲಿ ಹೇಳ್ತೀನಿ. ಇವತ್ತಿನ ಇಡೀ ಸಂಚಿಕೆ ನಿಂತಿರೋದು ಅದರ ಮೇಲೆ.

ಟಾಮ್ ಅಂತ ಒಬ್ಬ ರೈತನ ಮಗ. ಸುಗ್ಗಿಕಾಲದ ಒಂದು ರಜಾದಿನ ಬೇಲಿ ಪಕ್ಕ ಅಡ್ಡಾಡುವಾಗ ಟಕ್ ಟಕ್ ಸದ್ದು ಕೇಳುತ್ತೆ. ಇಣುಕಿದರೆ ಕುಳ್ಳನೊಬ್ಬ ಚರ್ಮದ ಏಪ್ರನ್ ಕಟ್ಟಿ ಬೂಟಿಗೆ ಹಿಮ್ಮಡಿ ಬಡೀತಿದ್ದಾನೆ. ಟಾಮ್‌ಗೆ ನಿಯಮ ಗೊತ್ತು: ಅವನ ಮೇಲಿಂದ ಕಣ್ಣು ತೆಗೆದರೆ ಮುಗೀತು, ಮಾಯ ಆಗಿಬಿಡ್ತಾನೆ. ಕುಳ್ಳ ಮಾತಿಗೆಳೀತಾನೆ, ನಿಮ್ಮ ಹಸುಗಳು ಪೈರಿಗೆ ನುಗ್ಗಿವೆ ನೋಡು ಅಂತಾನೆ. ಟಾಮ್ ಇನ್ನೇನು ತಿರುಗಬೇಕು, ಅಷ್ಟರಲ್ಲಿ ಎಚ್ಚೆತ್ತು ಅವನನ್ನ ಹಿಡಿದುಕೊಳ್ತಾನೆ. ಚಿನ್ನ ತೋರಿಸದಿದ್ದರೆ ಕೊಂದೇಬಿಡ್ತೀನಿ ಅಂತಾನೆ.

ಕುಳ್ಳ ಒಂದು ದೊಡ್ಡ ಹೊಲಕ್ಕೆ ಕರೆದುಕೊಂಡು ಹೋಗಿ, ಹಳದಿ ಹೂವಿನ ಒಂದು ಕಳೆಗಿಡ ತೋರಿಸಿ, ಇದರಡಿ ಅಗೆ, ಕೊಪ್ಪರಿಗೆ ತುಂಬಾ ಹೊನ್ನು ಇದೆ ಅಂತಾನೆ. ಟಾಮ್ ಹತ್ತಿರ ಗುದ್ದಲಿ ಇಲ್ಲ. ತನ್ನ ಕಾಲುಚೀಲದ ಕೆಂಪು ಪಟ್ಟಿ ಬಿಚ್ಚಿ ಆ ಗಿಡಕ್ಕೆ ಗುರುತಿಗೆ ಕಟ್ಟುತ್ತಾನೆ. ಈ ಪಟ್ಟಿ ತೆಗೆಯಲ್ಲ ಅಂತ ಕುಳ್ಳನಿಂದ ಆಣೆ ಮಾಡಿಸಿಕೊಂಡು ಮನೆಗೆ ಓಡ್ತಾನೆ.

ಗುದ್ದಲಿ ಹಿಡಿದು ವಾಪಸ್ ಬಂದು ನೋಡಿದರೆ ಹೊಲದಲ್ಲಿರೋ ಪ್ರತಿಯೊಂದು ಕಳೆಗಿಡಕ್ಕೂ ಅಂಥದ್ದೇ ಒಂದೊಂದು ಕೆಂಪು ಪಟ್ಟಿ!

ಕುಳ್ಳ ಆಣೆ ಮುರಿಯಲಿಲ್ಲ ನೋಡಿ. ಗುರುತು ತೆಗೆಯಲ್ಲ ಅಂದಿದ್ದ, ತೆಗೆಯಲಿಲ್ಲ. ಸುತ್ತ ಅಂಥದ್ದೇ ಗುರುತು ನೂರಾರು ಇಟ್ಟ, ಅಷ್ಟೆ. ಸತ್ಯವನ್ನ ಅಡಗಿಸೋಕೆ ಅಳಿಸಲೇಬೇಕು ಅಂತೇನಿಲ್ಲ. ಅದರ ನಕಲುಗಳನ್ನ ಊರ ತುಂಬಾ ಹರಡಿದರೂ ಸಾಕು.

ಇನ್ನೊಂದು ವಿಷಯ. ಈ ಕಥೆ ಹೇಳಿಕೊಳ್ಳುತ್ತಿದ್ದವರಲ್ಲಿ ಬಹುಪಾಲು ಜನ ಗೇಣಿದಾರರು. ಉಳುವ ನೆಲ ಅವರದಲ್ಲ, ಭೂಮಾಲೀಕನದು. ತಮ್ಮದಲ್ಲದ ಹೊಲದಡಿ ಹೊನ್ನು ಇದೆ, ಒಂದು ಕ್ಷಣ ಕೈಗೂ ಸಿಕ್ಕಿತ್ತು, ಆಮೇಲೆ ಹೋಯಿತು ಅನ್ನೋ ಕಥೆಯನ್ನ ಅವರು ನಗುತ್ತಲೇ ಹೇಳ್ತಿದ್ದರು. ಆ ನಗುವಿನಲ್ಲಿ ಅವರ ಬದುಕಿನ ಲೆಕ್ಕವೂ ಇತ್ತು ಅಂತ ನನಗನ್ನಿಸುತ್ತೆ.

ಕೆಂಪು ಕೋಟು ಹಸಿರಾಯ್ತು

ಮಜಾ ಏನಂದ್ರೆ, ಹಳೇ ಬರಹಗಳಲ್ಲಿ ಲೆಪ್ರೆಕಾನ್ ಕೋಟು ಬಹುತೇಕ ಕೆಂಪು. 1831ರಲ್ಲಿ ಸ್ಯಾಮ್ಯುಯೆಲ್ ಲವರ್ ಬರೆದ ವಿವರದಲ್ಲಿ ಅವನು ಚಿನ್ನದ ಅಂಚಿನ ಕೆಂಪು ಕೋಟು ತೊಟ್ಟಿದ್ದಾನೆ. 1888ರಲ್ಲಿ ಕವಿ ಡಬ್ಲ್ಯು.ಬಿ. ಯೇಟ್ಸ್ ಸಂಪಾದಿಸಿದ ಜನಪದ ಕಥೆಗಳ ಸಂಕಲನದಲ್ಲೂ ಇದೇ ಲೆಕ್ಕ: ಗುಂಪಿನಲ್ಲಿ ತಿರುಗೋ ಯಕ್ಷಿಣಿಗಳದ್ದು ಹಸಿರು ಅಂಗಿ, ಒಂಟಿಯಾಗಿರೋರದ್ದು ಕೆಂಪು. ಲೆಪ್ರೆಕಾನ್ ಒಂಟಿ, ಆದ್ದರಿಂದ ಕೆಂಪು.

ಹಸಿರು ಹೇಗೆ ಬಂತು? ಅದಕ್ಕೆ ಸಮುದ್ರ ದಾಟಬೇಕು. 1845ರಿಂದ 1852ರವರೆಗಿನ ಮಹಾಕ್ಷಾಮದಲ್ಲಿ ಐರ್ಲೆಂಡಿನಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಅದಕ್ಕಿಂತ ಹೆಚ್ಚು ಜನ ದೇಶ ಬಿಟ್ಟರು. ಬಹಳಷ್ಟು ಮಂದಿ ಸೇರಿದ್ದು ಅಮೆರಿಕಕ್ಕೆ. ಅಲ್ಲಿ ಅವರಿಗೆ ಸಿಕ್ಕ ಸ್ವಾಗತ ಅಷ್ಟಕ್ಕಷ್ಟೆ. ಲಂಡನ್ನಿನ 'ಪಂಚ್' ಪತ್ರಿಕೆಯಲ್ಲಿ, ಅಮೆರಿಕದ 'ಹಾರ್ಪರ್ಸ್ ವೀಕ್ಲಿ'ಯಲ್ಲಿ ಐರಿಶ್ ಜನರನ್ನ ಮಂಗನ ಮೂತಿಯ, ಕುಡಿದು ಜಗಳಕ್ಕೆ ಬೀಳೋ ಪ್ರಾಣಿಗಳಂತೆ ಚಿತ್ರಿಸ್ತಿದ್ದರು. ರಂಗದ ಮೇಲೂ ಅಷ್ಟೆ: ಕೈಯಲ್ಲಿ ದೊಣ್ಣೆ, ಬಾಯಲ್ಲಿ ಪೈಪು, ಜೇಬಲ್ಲಿ ಬಾಟ್ಲಿ ಇಟ್ಟುಕೊಂಡ ಐರಿಶ್ ಪಾತ್ರ ಬಂದರೆ ಪ್ರೇಕ್ಷಕರು ನಗೋಕೆ ಸಿದ್ಧ.

ವಲಸೆ ಬಂದವರು ನಿಧಾನವಾಗಿ ಕಾಲೂರಿದರು. ಪೊಲೀಸ್, ರಾಜಕೀಯ, ವ್ಯಾಪಾರ ಎಲ್ಲ ಕಡೆ ಬೆಳೆದರು. ಸೇಂಟ್ ಪ್ಯಾಟ್ರಿಕ್ ಹಬ್ಬದ ಮೆರವಣಿಗೆ ಅವರ ಹೆಮ್ಮೆಯಾಯಿತು, ಹಸಿರು ಅವರ ಬಣ್ಣವಾಯಿತು. ಕುಳ್ಳನ ಕೋಟೂ ಆ ಬಣ್ಣಕ್ಕೆ ತಿರುಗಿತು. ಹಳೇ ಅವಹೇಳನದ ದೊಣ್ಣೆ, ಪೈಪು, ಬಾಟ್ಲಿ ಮಾತ್ರ ಅವನ ಕೈಯಲ್ಲೇ ಉಳಿದವು. ಈಗ ಅವು ಭಯ ಹುಟ್ಟಿಸಲ್ಲ, ಮುದ್ದಾಗಿವೆ. ಆದರೆ ಅವೇ ದೊಣ್ಣೆ, ಅವೇ ಪೈಪು.

ಬಾಸ್ಟನ್‌ನ ಬಾಸ್ಕೆಟ್‌ಬಾಲ್ ತಂಡ ಸೆಲ್ಟಿಕ್ಸ್ ಲೋಗೋ ನೋಡಿ, ಅವನೇ. ನೋಟರ್ ಡೇಮ್ ವಿಶ್ವವಿದ್ಯಾಲಯದ 'ಫೈಟಿಂಗ್ ಐರಿಶ್' ತಂಡಕ್ಕೆ 1965ರಿಂದ ಅವನೇ ಅಧಿಕೃತ ಚಿಹ್ನೆ. ಮುಷ್ಟಿ ಕಟ್ಟಿಕೊಂಡು ಜಗಳಕ್ಕೆ ನಿಂತಿದ್ದಾನೆ. ಅಜ್ಜನ ಕಾಲದ ಬೈಗುಳ ಮೊಮ್ಮಗನ ಟೀಶರ್ಟ್ ಮೇಲೆ ಹೆಮ್ಮೆಯಾಗಿ ಬಂದಿದೆ.

50,000 ಮಕ್ಕಳು ಮತ್ತು ಒಬ್ಬ ಡಿಸ್ನಿ

ಇತ್ತ ಐರ್ಲೆಂಡಿನಲ್ಲಿ ಏನಾಗ್ತಿತ್ತು? ಸ್ವತಂತ್ರವಾದ ಹೊಸ ದೇಶ 1935ರಲ್ಲಿ ಐರಿಶ್ ಜನಪದ ಆಯೋಗ ಸ್ಥಾಪಿಸಿತು. ಹಳೇ ತಲೆಮಾರು ಹೋಗೋ ಮುಂಚೆ ಅವರ ಬಾಯಲ್ಲಿರೋದನ್ನ ಬರೆದಿಟ್ಟುಕೊಳ್ಳೋಣ ಅಂತ. 1937ರಿಂದ 1939ರವರೆಗೆ ಅವರು ಮಾಡಿದ ಕೆಲಸ ಕೇಳಿದರೆ ಆಶ್ಚರ್ಯ ಆಗುತ್ತೆ. ದೇಶದ ಸುಮಾರು 5,000 ಪ್ರಾಥಮಿಕ ಶಾಲೆಗಳ ಸುಮಾರು 50,000 ಮಕ್ಕಳಿಗೆ ಒಂದು ಕೆಲಸ ಕೊಟ್ಟರು: ಮನೆಗೆ ಹೋಗಿ ಅಜ್ಜ ಅಜ್ಜಿಯನ್ನ, ನೆರೆಮನೆಯವರನ್ನ ಕೇಳಿ ಬರೆದುಕೊಂಡು ಬನ್ನಿ. ಕೇಳಬೇಕಾದ ವಿಷಯಗಳ ಪಟ್ಟಿಯನ್ನೂ ಕೊಟ್ಟಿದ್ದರು. ಅದರಲ್ಲಿ ಹೂತಿಟ್ಟ ನಿಧಿಯೂ ಇತ್ತು, ಲೆಪ್ರೆಕಾನೂ ಇದ್ದ. ಎಲ್ಲ ಸೇರಿ ಸುಮಾರು 7,40,000 ಪುಟ ಆಯಿತು.

ಅದೇ ಆಯೋಗದ ಬಾಗಿಲು ತಟ್ಟಿದ್ದು ವಾಲ್ಟ್ ಡಿಸ್ನಿ ಕಂಪನಿ. 1940ರ ದಶಕದಲ್ಲೇ ಡಿಸ್ನಿಗೆ ಲೆಪ್ರೆಕಾನ್ ಸಿನಿಮಾ ಮಾಡೋ ಆಸೆ. ಆಯೋಗದ ನಿರ್ದೇಶಕ ಜೇಮ್ಸ್ ಡೆಲಾರ್ಗಿ ಜನಪದವನ್ನ ಜೀವದ ಕೆಲಸ ಮಾಡಿಕೊಂಡ ಮನುಷ್ಯ. ನಮ್ಮಲ್ಲಿ ಪುರಾಣವೀರರ ದೊಡ್ಡ ದೊಡ್ಡ ಕಥೆಗಳಿವೆ ಅಂತ ಅವರು ಡಿಸ್ನಿಯನ್ನ ಬೇರೆ ಕಡೆ ತಿರುಗಿಸೋಕೆ ನೋಡಿದರು. ಡಿಸ್ನಿಗೆ ಕುಳ್ಳನೇ ಬೇಕಿತ್ತು.

1959ರಲ್ಲಿ 'ಡಾರ್ಬಿ ಓಗಿಲ್ ಅಂಡ್ ದ ಲಿಟಲ್ ಪೀಪಲ್' ಬಿಡುಗಡೆಯಾಯಿತು. ಚಿತ್ರೀಕರಣ ನಡೆದದ್ದು ಬಹುಪಾಲು ಕ್ಯಾಲಿಫೋರ್ನಿಯಾದಲ್ಲಿ. ಜೇಮ್ಸ್ ಬಾಂಡ್ ಆಗುವ ಮುಂಚಿನ ಶಾನ್ ಕಾನರಿ ಅದರಲ್ಲಿ ಹಾಡು ಹೇಳ್ತಾನೆ! ತಾಂತ್ರಿಕವಾಗಿ ಚಿತ್ರ ಬಲು ಸೊಗಸು. ಕಂಪ್ಯೂಟರ್ ಇಲ್ಲದ ಕಾಲ. ಒಬ್ಬ ನಟನನ್ನ ಕ್ಯಾಮೆರಾ ಹತ್ತಿರ, ಇನ್ನೊಬ್ಬನನ್ನ ಬಹಳ ದೂರ ನಿಲ್ಲಿಸಿ, ಇಬ್ಬರೂ ಎದುರುಬದುರು ಮಾತಾಡ್ತಿರೋ ಹಾಗೆ ಕಾಣಿಸಿದರು. ದೂರ ಇರೋನು ಕುಳ್ಳ. ಲೆಪ್ರೆಕಾನ್‌ಗಳ ರಾಜ ಬ್ರಯನ್‌ಗೆ ಧನ್ಯವಾದ ಹೇಳುವ ಸಾಲಿನೊಂದಿಗೇ ಸಿನಿಮಾ ಶುರುವಾಗುತ್ತೆ.

ಆಮೇಲೆ ಪ್ರವಾಸಿಗರು ಬಂದು ಕೇಳಿದ್ದೂ ಅದೇ ಕುಳ್ಳನನ್ನ. 1963ರಲ್ಲಿ ಮಾಜಿ ಪ್ರಧಾನಿ ಜಾನ್ ಎ. ಕಾಸ್ಟೆಲೋ ಐರಿಶ್ ಸಂಸತ್ತಿನಲ್ಲಿ ಎದ್ದು ನಿಂತು, ನಮ್ಮ ಪ್ರವಾಸೋದ್ಯಮದ ಜಾಹೀರಾತು ಹಳೇ ಟೋಪಿ, ದೊಣ್ಣೆ, ಕೊನೆಗೆ ಲೆಪ್ರೆಕಾನ್ ಮಟ್ಟಕ್ಕೂ ಇಳಿದಿತ್ತು ಅಂತ ಬೇಸರಪಟ್ಟರು. ಪರದೇಶದವರು ಮಾಡಿದ ವೇಷವನ್ನ ನಾವೇ ತೊಟ್ಟು ಮಾರಬೇಕಾಯ್ತಲ್ಲ ಅನ್ನೋ ಸಂಕಟ ಅದು. ಗೆಳತಿಯ ಸಹೋದ್ಯೋಗಿ ಆಡಿದ ಮಾತೂ ಅದೇ ಅಲ್ವಾ?

ಸೀರಿಯಲ್ ಡಬ್ಬಿಯಿಂದ ಯೂಟ್ಯೂಬ್‌ವರೆಗೆ

ಮುಂದಿನದು ನಿಮಗೂ ಅಷ್ಟಿಷ್ಟು ಗೊತ್ತಿರುತ್ತೆ. 1964ರಲ್ಲಿ ಅಮೆರಿಕದ ಜನರಲ್ ಮಿಲ್ಸ್ ಕಂಪನಿ 'ಲಕ್ಕಿ ಚಾರ್ಮ್ಸ್' ಎಂಬ ಬೆಳಗಿನ ತಿಂಡಿಯ ಸೀರಿಯಲ್ ತಂತು. ಡಬ್ಬಿ ಮೇಲೆ ಲಕ್ಕಿ ಎಂಬ ಲೆಪ್ರೆಕಾನ್. ಜಾಹೀರಾತಿನಲ್ಲಿ ಮಕ್ಕಳು ಅವನನ್ನ ಅಟ್ಟಿಸಿಕೊಂಡು ಹೋಗೋದು, ಅವನು ತಪ್ಪಿಸಿಕೊಳ್ಳೋದು. ಟಾಮ್‌ನ ಕಥೆಯೇ, ಆದರೆ ಹೊನ್ನಿನ ಬದಲು ಸಕ್ಕರೆ ಹಾಕಿದ ಬಣ್ಣಬಣ್ಣದ ಮಾರ್ಷ್‌ಮ್ಯಾಲೋ.

1993ರಲ್ಲಿ ಅವನು ಕೊಲೆಗಾರನಾದ. 'ಲೆಪ್ರೆಕಾನ್' ಎಂಬ ಹಾರರ್ ಸಿನಿಮಾ, ವಾರ್ವಿಕ್ ಡೇವಿಸ್ ಮುಖ್ಯಪಾತ್ರ. 'ಫ್ರೆಂಡ್ಸ್' ಧಾರಾವಾಹಿಗೆ ಒಂದು ವರ್ಷ ಮುಂಚಿನ ಜೆನಿಫರ್ ಆನಿಸ್ಟನ್ ಅದರಲ್ಲಿ ನಾಯಕಿ. ಚಿನ್ನ ಕದ್ದವರನ್ನ ಅವನು ಹುಡುಕಿ ಹುಡುಕಿ ಕೊಲ್ತಾನೆ. ಆದರೆ ಅವನ ಮುಂದೆ ಕೊಳಕು ಬೂಟು ಎಸೆದರೆ ಕೊಲೆ ನಿಲ್ಲಿಸಿ ಪಾಲಿಶ್ ಮಾಡೋಕೆ ಕೂರ್ತಾನೆ! ಹಳೇ ಕಸುಬಿನ ನೆನಪು ಇಷ್ಟು ಮಾತ್ರ ಉಳಿದಿತ್ತು. ಮುಂದಿನ ಭಾಗಗಳಲ್ಲಿ ಅವನನ್ನ ಬಾಹ್ಯಾಕಾಶಕ್ಕೂ ಕಳಿಸಿದರು.

2006ರ ಮಾರ್ಚ್. ಯೂಟ್ಯೂಬ್‌ಗೆ ಆಗಿನ್ನೂ ಒಂದು ವರ್ಷ. ಅಮೆರಿಕದ ಅಲಬಾಮಾ ರಾಜ್ಯದ ಮೊಬೈಲ್ ಅನ್ನೋ ಊರಿನಲ್ಲಿ ಒಂದು ಮರದ ಸುತ್ತ ಜನ ಸೇರಿದರು, ಕೊಂಬೆ ಮೇಲೆ ಲೆಪ್ರೆಕಾನ್ ಕಂಡಿದೆ ಅಂತ. ಸ್ಥಳೀಯ ಟೀವಿಯವರು ಬಂದರು. ಯಾರೋ ಗೀಚಿದ ಮಕ್ಕಳಾಟದಂಥ ಒಂದು ರೇಖಾಚಿತ್ರವನ್ನೂ ತೋರಿಸಿದರು. ಯೂಟ್ಯೂಬ್‌ನ ಮೊದಮೊದಲ ವೈರಲ್ ವಿಡಿಯೋಗಳಲ್ಲಿ ಅದೂ ಒಂದು. ಬಡ ಕರಿಯ ಬಡಾವಣೆಯೊಂದರ ಜನ ತಮ್ಮ ನಡುವೆ ಮಾಡಿಕೊಂಡ ತಮಾಷೆಗೆ, ಊರ ಹೊರಗಿನವರು ಅವರನ್ನೇ ನೋಡಿ ನಕ್ಕರು. ಐರಿಶರಿಗೆ ಆಗಿದ್ದೂ ಇದೇ ಆಗಿತ್ತು.

26.3 ಪರ್ಸೆಂಟ್ ಹೊನ್ನು

ಈಗ ನಿಮ್ಮ ಕೈಲಿರೋ ಫೋನಿಗೆ ಬರೋಣ. 2016ರ ಜುಲೈನಲ್ಲಿ ಐರ್ಲೆಂಡಿನ ಅಂಕಿಅಂಶ ಕಚೇರಿ ಒಂದು ಸಂಖ್ಯೆ ಪ್ರಕಟಿಸಿತು: 2015ರಲ್ಲಿ ದೇಶದ ಜಿಡಿಪಿ 26.3% ಬೆಳೆದಿದೆ! ವರ್ಷಕ್ಕೆ ಏಳೆಂಟು ಪರ್ಸೆಂಟ್ ಬಂದರೆ ನಾವು ಪಟಾಕಿ ಹೊಡೀತೀವಿ. ನೊಬೆಲ್ ಪುರಸ್ಕೃತ ಅರ್ಥಶಾಸ್ತ್ರಜ್ಞ ಪಾಲ್ ಕ್ರುಗ್ಮನ್ ಇದಕ್ಕೆ 'ಲೆಪ್ರೆಕಾನ್ ಎಕನಾಮಿಕ್ಸ್' ಅಂತ ಹೆಸರಿಟ್ಟರು.

ಆಗಿದ್ದೇನು? ಆ ವರ್ಷ ಐರ್ಲೆಂಡಿನಲ್ಲಿ ಅಷ್ಟು ಹೊಸ ಫ್ಯಾಕ್ಟರಿ ಏಳಲಿಲ್ಲ, ಸಂಬಳವೂ ಹಾಗೆ ಹೆಚ್ಚಲಿಲ್ಲ. ಬಹುರಾಷ್ಟ್ರೀಯ ಕಂಪನಿಗಳು ತಮ್ಮ ಪೇಟೆಂಟು, ವಿನ್ಯಾಸ, ಸಾಫ್ಟ್‌ವೇರ್ ಹಕ್ಕುಗಳನ್ನ ತೆರಿಗೆ ಕಮ್ಮಿ ಇರೋ ಐರ್ಲೆಂಡಿನ ಲೆಕ್ಕಕ್ಕೆ ಬರೆಸಿಕೊಂಡವು. ಅದರಲ್ಲಿ ದೊಡ್ಡ ಪಾಲು ಆಪಲ್‌ದು ಅಂತ ಅರ್ಥಶಾಸ್ತ್ರಜ್ಞರು ಆಮೇಲೆ ಬಿಡಿಸಿ ತೋರಿಸಿದರು. ಲಾಭ ಪುಸ್ತಕದಲ್ಲಿ ಕಂಡಿತು. ಜನ ಜೇಬು ನೋಡಿಕೊಂಡರೆ ಖಾಲಿ. ಐರೋಪ್ಯ ಒಕ್ಕೂಟಕ್ಕೆ ಕಟ್ಟಬೇಕಾದ ವಂತಿಗೆ ಲೆಕ್ಕ ಹಾಕೋದು ರಾಷ್ಟ್ರೀಯ ಆದಾಯದ ಮೇಲೆ, ಹಾಗಾಗಿ ಕಾಗದದ ಬೆಳವಣಿಗೆಗೆ ನಿಜವಾದ ದುಡ್ಡು ತೆರಬೇಕಾಗಿ ಬಂತು. ಕೊನೆಗೆ ಅಂಕಿಅಂಶ ಕಚೇರಿ ಈ ಮಾಯದ ಹೊನ್ನನ್ನ ಕಳೆದು ಲೆಕ್ಕ ಹಾಕೋ ಹೊಸ ಅಳತೆಯೊಂದನ್ನ 2017ರಲ್ಲಿ ತಂತು.

ಕಥೆಗೆ ಇನ್ನೊಂದು ತಿರುವಿದೆ. 2016ರ ಆಗಸ್ಟ್‌ನಲ್ಲಿ ಐರೋಪ್ಯ ಆಯೋಗ, ಆಪಲ್ ಐರ್ಲೆಂಡಿಗೆ 1,300 ಕೋಟಿ ಯೂರೋ ತೆರಿಗೆ ಬಾಕಿ ಕಟ್ಟಬೇಕು ಅಂತ ಆದೇಶಿಸಿತು. ಆಪಲ್ ಮೇಲ್ಮನವಿ ಹಾಕಿತು, ಸರಿ. ಐರ್ಲೆಂಡ್ ಸರ್ಕಾರವೂ ಹಾಕಿತು, ನಮಗೆ ಆ ದುಡ್ಡು ಬರಬೇಕಾಗಿಲ್ಲ ಅಂತ! ಕಂಪನಿಗಳು ದೇಶ ಬಿಟ್ಟು ಹೋದಾವು ಅನ್ನೋ ಹೆದರಿಕೆ. ಕೊಪ್ಪರಿಗೆ ಕಣ್ಣೆದುರೇ ಇದೆ, ಮುಟ್ಟೋಕೆ ಮನಸ್ಸಿಲ್ಲ. ಎಂಟು ವರ್ಷ ಎಳೆದಾಡಿ, 2024ರ ಸೆಪ್ಟೆಂಬರಿನಲ್ಲಿ ಐರೋಪ್ಯ ನ್ಯಾಯಾಲಯ ದುಡ್ಡು ಐರ್ಲೆಂಡಿಗೇ ಸೇರಬೇಕು ಅಂತ ಅಂತಿಮ ತೀರ್ಪು ಕೊಟ್ಟಿತು.

ಕ್ರುಗ್ಮನ್ ತಮಾಷೆ ಐರಿಶ್ ಜನರಲ್ಲಿ ಕೆಲವರಿಗೆ ಚುಚ್ಚಿತು. ಮತ್ತೆ ಅಮೆರಿಕದವನೊಬ್ಬ ನಮ್ಮನ್ನ ಅದೇ ಕುಳ್ಳನ ಮೂಲಕ ನೋಡಿದನಲ್ಲ ಅಂತ. ನನಗನ್ನಿಸೋದು, ಬಾಣ ಗುರಿ ಮುಟ್ಟಿತು, ಆದರೆ ಗುರುತಿಸಿದ್ದು ತಪ್ಪು ವ್ಯಕ್ತಿಯನ್ನ. ಈ ಕಥೆಯಲ್ಲಿ ಐರಿಶ್ ಜನ ಲೆಪ್ರೆಕಾನ್ ಅಲ್ಲ. ಅವರು ಗುದ್ದಲಿ ಹಿಡಿದು ಹೊಲದ ಅಂಚಿನಲ್ಲಿ ನಿಂತ ಟಾಮ್.

ಎಲ್ಲಿ ಅಗೆಯೋದು?

ಈಗ ಆ ಹೊಲಕ್ಕೇ ವಾಪಸ್ ಬರೋಣ. ಸೀರಿಯಲ್ ಡಬ್ಬಿ ಒಂದು ಕೆಂಪು ಪಟ್ಟಿ. ಡಿಸ್ನಿ ಸಿನಿಮಾ ಒಂದು ಪಟ್ಟಿ. ಬಾಸ್ಕೆಟ್‌ಬಾಲ್ ಲೋಗೋ, ಹಾರರ್ ಸಿನಿಮಾ, ನಮ್ಮನೆ ಮ್ಯಾಗ್ನೆಟ್, ಎಲ್ಲವೂ ಒಂದೊಂದು ಪಟ್ಟಿ. ಯಾರೂ ಹಳೇ ಕಥೆಯನ್ನ ಅಳಿಸಲಿಲ್ಲ. ಸುತ್ತ ಇಷ್ಟೊಂದು ಪಟ್ಟಿ ಕಟ್ಟಿದ ಮೇಲೆ ಯಾವ ಗಿಡದಡಿ ಅಗೆಯಬೇಕು ಅಂತ ತಿಳಿಯದೆ ಹೋಯಿತು, ಅಷ್ಟೆ.

ಆದರೆ ಟಾಮ್‌ಗಿಂತ ನಾವು ಅದೃಷ್ಟವಂತರು. ಆ 50,000 ಮಕ್ಕಳು ನಿಜವಾದ ಗಿಡಕ್ಕೆ ಬೇರೆ ಗುರುತು ಇಟ್ಟು ಹೋಗಿದ್ದಾರೆ. ಅವರ ನೋಟ್‌ಬುಕ್‌ಗಳು ಈಗ ಡಬ್ಲಿನ್‌ನ ಯೂನಿವರ್ಸಿಟಿ ಕಾಲೇಜಿನಲ್ಲಿವೆ. ಜನಪದ ಆಯೋಗದ ಸಂಗ್ರಹವನ್ನ ಯುನೆಸ್ಕೋ 2017ರಲ್ಲಿ ತನ್ನ 'ವಿಶ್ವದ ನೆನಪು' ಪಟ್ಟಿಗೆ ಸೇರಿಸಿತು. 'ದೂಖಸ್' ಅನ್ನೋ ವೆಬ್‌ಸೈಟಿನಲ್ಲಿ ಶಾಲಾ ಸಂಗ್ರಹದ ಪುಟಗಳನ್ನ ಪುಕ್ಕಟೆಯಾಗಿ ನೋಡಬಹುದು. ಕೈಬರಹ, ಶಾಯಿ ಕಲೆ, ಕಾಗುಣಿತದ ತಪ್ಪು ಎಲ್ಲ ಹಾಗೇ ಇದೆ.

ನಾನು ಒಂದು ರಾತ್ರಿ ಅಲ್ಲಿ ಕೂತುಬಿಟ್ಟೆ. ಹನ್ನೊಂದು ಹನ್ನೆರಡು ವರ್ಷದ ಮಕ್ಕಳು ಊರ ಹೆಸರು, ಹೇಳಿದವರ ಹೆಸರು ಹಾಕಿ, ಯಾವ ಬೇಲಿ ಹತ್ತಿರ ಯಾರಿಗೆ ಕಂಡಿತು, ಹೇಗೆ ಕಣ್ತಪ್ಪಿಸಿ ಹೋಯಿತು ಅಂತ ಬರೆದಿದ್ದಾರೆ. ಬರೆದವರಿಗೆ ಡಿಸ್ನಿ ಸಿನಿಮಾ ಗೊತ್ತಿಲ್ಲ, ಸೀರಿಯಲ್ ಡಬ್ಬಿ ಗೊತ್ತಿಲ್ಲ. ಅಜ್ಜಿ ಹೇಳಿದ್ದನ್ನ ಬರೆದರು.

ಮ್ಯಾಗ್ನೆಟ್ ಇನ್ನೂ ಫ್ರಿಡ್ಜ್ ಮೇಲೇ ಇದೆ, ಕರೆಂಟ್ ಬಿಲ್ ಹಿಡಿದುಕೊಂಡು ನಿಂತಿದೆ. ಆದರೆ ಅವನ ಕೋಟು ನೋಡಿದಾಗಲೆಲ್ಲ ಈಗ ನನಗೆ ಮೊದಲು ನೆನಪಾಗೋದು ಕೆಂಪು ಬಣ್ಣ.

ಇವತ್ತಿಗೆ ಇಷ್ಟು. ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ. ಅಲ್ಲಿಯವರೆಗೆ, ಕಣ್ಣು ತಪ್ಪಿಸಬೇಡಿ.